ಮಾದೇಶ ಕೊಟ್ಟ ದೂರು

ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಮಾದಪ್ಪನ ಪದ ಗುನುಗುತ್ತಿದ್ದ ಶಿವರತ್ನಮ್ಮನವರು, ಪಕ್ಕದಲ್ಲಿ ಕೊಳ್ಳೇಗಾಲದ ಬಸ್ಸಿಗೆ ಕಾದಿದ್ದ ಅತ್ತೆ ಸೊಸೆಯರ ಮಾತು ಕಿವಿಗೆ ಬಿದ್ದೊಡನೆ ಸುಮ್ಮನಾದರು.

“ಮಾಲಿನಿ, ಜೈಲಿಂದ ಫೋನ್ ಬಂದಿತ್ತು ಕಣವ್ವ. ಮಾದೇಶ ದೂರು ವಾಪಸ್ ತಕಳ್ದಿದ್ರೆ ಅವನ್ನ ದೂರದ ಜೈಲ್ಗೆ ಸಾಗಾಕ್ತಾರಂತೆ. ಇವತ್ತು ಕೋರ್ಟಲ್ಲಿ ನೀನೇ ಏಳು ನಿನ್ ಗಂಡನ್ಗೆ.”

“ನಾನೇಳಾಕಿಲ್ಲ ಅತ್ತೆ.”

“ಜಡ್ಜು ಕೋರ್ಟಿಂದ್ಲೇ ಜೈಲಿನ ಟೀವೀಲಿ ‘ಏನಾರ ತೊಂದ್ರೆ ಅದಾ’ ಅಂತ ಕೈದಿಗಳ್ನ ಕೇಳ್ದಾಗ ಎಲ್ರೂ ‘ಇಲ್ಲ ಸಾ’ ಅಂದವ್ರೆ. ಇವನ್ಗೇನಾಗಿತ್ತು? ಇವನ್ನ ಒಡುದ್ರಾ?”

“ಇವ್ರನ್ನಲ್ಲ, ಇವ್ರ ಜೊತೇಲಿರೋ ಪಳನೀನ. ಆ ಉಡುಗನ್ಗೆ ತಮಿಳು ಬುಟ್ರೆ ಬ್ಯಾರೆ ಬರಾಕಿಲ್ಲ. ಪಾಪ, ಮುರ್ದಿರೋ ಕೈ ತೋರುಸ್ದ. ಜೈಲಿನೋರು ‘ಜಾರಿ ಬಿದ್ದವ್ನೆ ಸಾ’ ಅಂದ್ರು. ಆಗ ನಿಮ್ ಮಗ ಎದ್ದು ‘ಬಿದ್ದಿಲ್ಲ ಸಾ, ಇವ್ರೇ ಒಡುದ್ರು, ನಾನೇ ನೋಡ್ದೆ’ ಅಂದ್ರು. ಅದ್ಕೇ ಜಡ್ಜು ಇವತ್ತು ಇಬ್ರನ್ನೂ ಎದುರ್ಗೇ ಕರುಸ್ತಾವ್ರೆ.”

ಎಂಥ ಮಗನನ್ನು ಹೆತ್ತಿದ್ದಾಳೆ ಈ ತಾಯಿ ಎಂದುಕೊಂಡು ಶಿವರತ್ನಮ್ಮನವರು ಕುಳಿತಲ್ಲೇ ಕೈ ಮುಗಿದರು. ಆ ತಾಯಿ ಸೊಸೆಯತ್ತ ತಿರುಗಿ ಕೇಳಿದಳು.

“ಆ ಪಳನಿಯ ಅವ್ವ ಕೋರ್ಟ್ಗೆ ಬತ್ತಾಳಾ?”

“ಅವಳ್ಗೆ ಗೊತ್ತೇ ಇಲ್ಲ ಅತ್ತೆ. ನಂಬ್ರ ಅದೆ, ಫೋನ್ ಮಾಡುದ್ರೆ ನನ್ ಕನ್ನಡ ತಿಳಿಯಾಕಿಲ್ಲ ಅವಳ್ಗೆ.”

“ಮೊದ್ಲೇ ಏಳಾಕಾಯ್ತಿರ್ನಿಲ್ವಾ? ತಮಿಳ್ನಾಡು ಗಡಿ ರಾಮಾಪುರದೋಳು ನಾನು, ನಂಗೆ ತಮಿಳು ಬರಾಕಿಲ್ವಾ? ಕೊಡಿಲ್ಲಿ ಫೋನು.”

“ದೂರು?”

“ಅದು ಅಂಗೇ ಇರ್ಲಿ. ಬಾ, ಬಸ್ ಬಂತು.”

ಬಸ್ಸು ಹೊರಟಾಗ ಕಿಟಕಿಯಿಂದ ಆಕೆಯ ಜೋರು ತಮಿಳು ಕೇಳಿಸಿತು. ‘ಅಳಬೇಡ, ನನ್ನ ಮಗ ನೋಡಿದ್ದಾನೆ’ ಎಂಬಷ್ಟು ಶಿವರತ್ನಮ್ಮನವರಿಗೂ ಅರ್ಥವಾಯಿತು.