ಸುಗ್ರಾ ಬೇಗಂ ಅಳೆದ ರಾಗಿ ಹುಲ್ಲು

ಸೇರಿರುವ ಹಿರಿಯರೇ, ಸುಗ್ರಾ ಅವರ ಪತಿ ಜಾಫರ್ ಸಾಹೇಬರೇ, ಮಗಳು ಮಲ್ಕಾ — ಎಲ್ಲರಿಗೂ ನಮಸ್ಕಾರ. ಹದಿನಾರು ವರ್ಷ ನಮ್ಮ ಹೆಬ್ಬಾಳದ ಮೇವು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಸುಗ್ರಾ ಬೇಗಂ ಕಳೆದ ಮಂಗಳವಾರ ಹೃದಯಾಘಾತದಿಂದ ತೀರಿಕೊಂಡರು. ನಾನು ವೇಣುಗೋಪಾಲ, ಆ ವಿಭಾಗದ ಮುಖ್ಯಸ್ಥ. ಹೊಗಳುವುದು ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಎಪ್ಪತ್ತೊಂಬತ್ತನೇ ಇಸವಿ. ಹೊಸ ರಾಗಿ ತಳಿ ಬಂದಿತ್ತು. ಅದರ ಹುಲ್ಲಿನಲ್ಲೂ ನಾರು ಹಳೆಯದರಷ್ಟೇ ಎಂದು ವರದಿ ಬರೆದು ಸಹಿ ಹಾಕಿದವನು ನಾನು. ಆಮೇಲೆ ಕೊಡಿಗೇಹಳ್ಳಿಯ ರೈತ ಚಿಕ್ಕಮಾರಯ್ಯ ಆ ಹೊಸ ತಳಿಯ ಒಂದು ಹೊರೆ ಹುಲ್ಲು ತಂದು ನಮ್ಮ ಬಾಗಿಲಲ್ಲಿ — ಹೀಗೆ — ಕೆಡವಿದ.

"ದನ ಅರ್ಧಕ್ಕರ್ಧ ಬಿಡ್ತವೆ ಸಾಮಿ. ಇಂಗಾದ್ರೆ ಆಲು ಎಲ್ಲಿಂದ ಬತ್ತದೆ?"

ನಾನು ಅವನ ದನವನ್ನೇ ದೂರಿದೆ. ಸುಗ್ರಾ ಆ ಹುಲ್ಲನ್ನು ಒಳಗೆ ಎತ್ತಿಟ್ಟರು. ಮರುದಿನ ನನ್ನ ಮೇಜಿನ ಮುಂದೆ ಬಂದು ನಿಂತರು.

"ಸಾರ್, ಹುಲ್ಲನ್ನ ಆಸಿಡ್‌ನಲ್ಲಿ ಕುದಿಸ್ತೀವಿ, ಆಮೇಲೆ ಕ್ಷಾರದಲ್ಲಿ ಕುದಿಸ್ತೀವಿ. ಉಳಿದಿದ್ದನ್ನ ಮಾತ್ರ ನಾರು ಅಂತೀವಿ. ಕರಗಿ ಸಿಂಕಿಗೆ ಹೋಗಿದ್ದೂ ಗೋಡೆನೇ ಅಲ್ವಾ? ಅದನ್ನೂ ದನ ಅಗೀಬೇಕಲ್ವಾ?"

ಗೋಡೆ ಎಂದರೆ ಸಸ್ಯದ ಜೀವಕೋಶದ ಗೋಡೆ. ಅದರಲ್ಲಿ ಸೆಲ್ಯುಲೋಸ್ ಗಟ್ಟಿ, ಉಳಿಯುತ್ತದೆ. ಹೆಮಿಸೆಲ್ಯುಲೋಸ್ ಬಹುಪಾಲು ಕರಗಿಹೋಗುತ್ತದೆ. ಪ್ರಶ್ನೆ ಸರಿ — ಪೂರ್ತಿ ಸರಿ. ನನಗೂ ಗೊತ್ತಿತ್ತು. ಆದರೂ, "ನಿಮ್ಮ ಕೆಲಸ ನೀವು ನೋಡ್ಕೊಳ್ಳಮ್ಮ" ಎಂದೆ.

ನೋಡಿಕೊಂಡರು. ಮೂರು ಶನಿವಾರ ಮಧ್ಯಾಹ್ನ, ಮನೆಗೆ ಹೋಗದೆ, ಎರಡೂ ಹುಲ್ಲನ್ನು ಬೇರೊಂದು ದ್ರಾವಣದಲ್ಲಿ ಕುದಿಸಿದರು — ಸಾಬೂನಿನಂಥದ್ದು, ಗೋಡೆಯನ್ನು ಉಳಿಸಿ ಮಿಕ್ಕದ್ದನ್ನು ತೊಳೆದುಬಿಡುತ್ತದೆ. ಹಳೆಯ ಹುಲ್ಲಿನಲ್ಲಿ ಗೋಡೆ ನೂರಕ್ಕೆ ಅರವತ್ತಮೂರು. ಹೊಸದರಲ್ಲಿ ಎಪ್ಪತ್ತೆರಡು. ಗೋಡೆ ಹೆಚ್ಚಿದಷ್ಟೂ ದನ ತಿನ್ನುವುದು ಕಡಿಮೆ. ಚೀಟಿ ನನ್ನ ಮೇಜಿಗೆ ಬಂತು.

ಒಂದು ತಿಂಗಳು ಅದನ್ನು ಡ್ರಾಯರಿನಲ್ಲಿಟ್ಟೆ. ಸುಗ್ರಾ ದಿನಾ ಬೆಳಗ್ಗೆ ಒಮ್ಮೆ ನನ್ನ ಮುಖ ನೋಡುತ್ತಿದ್ದರು — ಅಷ್ಟೇ. ಕೊನೆಗೆ ವರದಿ ತಿದ್ದಿ ಕಳಿಸಿದೆ. ಈ ಹುಲ್ಲನ್ನು ಸಣ್ಣಗೆ ಕತ್ತರಿಸಿ ಹಸಿಮೇವಿನ ಜೊತೆ ಬೆರೆಸಿ ಹಾಕಿ ಎಂದು ಹಳ್ಳಿಗಳಿಗೆ ಸೂಚನೆ ಹೋಯಿತು. ಚಿಕ್ಕಮಾರಯ್ಯನ ದನ ತಿಂದವು.

ಆ ತಿದ್ದುಪಡಿಯಲ್ಲಿ ನನ್ನೊಬ್ಬನ ಹೆಸರಿತ್ತು. ಶಹಬ್ಬಾಸ್‌ಗಿರಿಯೂ ನನಗೇ ಬಂತು. ಐದು ವರ್ಷದ ಮೇಲೆ ಒಂದು ದಿನ ಕ್ಯಾಂಟೀನಿನಲ್ಲಿ ಕೇಳಿದೆ: "ಅವತ್ತು ನಿಮ್ಮ ಹೆಸರು ಹಾಕ್ಲಿಲ್ಲ. ಬೇಜಾರಾಯ್ತಾ?" ಇಲ್ಲ ಸಾರ್ ಎನ್ನುತ್ತಾರೆಂದು ಕಾದೆ. ಸುಗ್ರಾ ಟೀ ಲೋಟ ಕೆಳಗಿಟ್ಟರು.

"ಆಗಿತ್ತು ಸಾರ್. ಈಗ್ಲೂ ಇದೆ."

ಮಲ್ಕಾ, ಆ ಕೆಲಸ ನಿಮ್ಮಮ್ಮನದು. ಅವರಿದ್ದಾಗಲೇ, ಇಷ್ಟೇ ಜನರ ಮುಂದೆ, ನಾನಿದನ್ನು ಹೇಳಬೇಕಿತ್ತು. ಹೇಳಲಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಎರಡು ನಿಮಿಷ ಮೌನ — ನಾನೂ ಇನ್ನು ಮಾತಾಡುವುದಿಲ್ಲ.