ಅಕ್ಕನ ಪಾಲಿನ ನೀರು

ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಬೆಂಚಿಗೆ ತಾಯಿ, ಮಗಳು ಬಂದು ಕೂತರು. ಮಗಳು ಧಾರವಾಡದ ಬೇಸಿಗೆ ವಿಜ್ಞಾನ ಶಿಬಿರ ಮುಗಿಸಿ ಊರಿಗೆ ಹೊರಟವಳು.

“ಯವ್ವಾ, ನಮ್ಮೂರ ಕೆರಿ ನೀರು ಒಯ್ದಿದ್ನಲ್ಲಾ, ಸೂಕ್ಷ್ಮದರ್ಶಕದಾಗ ಇಟ್ಟು ನೋಡಿದೆ.”

“ಏನ್ ಕಾಣಿಸ್ತು?”

“ಸಣ್ಣ ಸಣ್ಣ ಹುಳ. ಮಿಸುಕಾಡಾಕತ್ತಿದ್ವು. ಬರೀ ಕಣ್ಣಿಗೆ ನೀರು ಅಗದಿ ತಿಳಿ ಇತ್ತು.”



“ನಿಮ್ಮಕ್ಕ ಮಹಾನಂದಾಗ ವಾಂತಿಭೇದಿ ಆಗಿದ್ದು ಅದರಿಂದನ ಏನ?”

“ಗೊತ್ತಿಲ್ಲ ಬೇ. ಅದನ್ನ ಹೇಳೂವಷ್ಟು ನಾ ಇನ್ನೂ ಕಲ್ತಿಲ್ಲ. ಬೆಂಗಳೂರಾಗಿನ ದೊಡ್ಡ ವಿಜ್ಞಾನ ಕಾಲೇಜಿಗೆ ಪರೀಕ್ಷಾ ಬರಿ ಅಂತ ಶಿಬಿರದ ಮೇಡಮ್ಮಾರು ಹೇಳ್ಯಾರ. ಭಾಳ ಕಠಿಣ ಐತಿ, ಆದ್ರ ನಿನ್ನ ಕೈಲೆ ಆಗತೈತಿ ಅಂದ್ರು.”

“ಒಬ್ಬಾಕಿ ಹೋದ್ಲು. ಈಗ ನೀನೂ ಹೋಗ್ತೀನಿ ಅಂತಿ.”

“ನಾ ತಿರುಗಿ ಬರ್ತೀನಿ, ಯವ್ವಾ.”

ಬಸ್ಸು ಬಂತು. ತಾಯಿ ಚೀಲ ಎತ್ತಿಕೊಂಡವಳು ಅಲ್ಲೇ ನಿಂತಳು.

“ದಿನಾ ಮುಂಜಾನೆ ನಿಮ್ಮಕ್ಕನ ಫೋಟೋದ ಮುಂದ ಒಂದು ತಂಬಿಗಿ ಅದ ಕೆರಿ ನೀರು ಇಡ್ತೀನಲ್ಲ...”

“ಹತ್ತು ಬೇ, ಬಸ್ ಬಿಡ್ತಾನ.”

ಮೆಟ್ಟಿಲು ಹತ್ತುತ್ತ ತಾಯಿ ಹೇಳಿದ್ದು ನನಗೂ ಕೇಳಿಸಿತು.

“ಪರೀಕ್ಷಾ ಬರಿ ನೀ. ನಾಳಿಯಿಂದ ಆಕಿಗೆ ನೀರು ಕಾಸಿ ಇಡ್ತೀನಿ.”