ಗಂಡಸಿಗೆ ಬರಲಾರದ ಬ್ಯಾನಿ

...ಎತ್ತಿ ಒಗದೆ ನೋಡು! ಸುರೇಬಾನದ ಆ ಪೈಲ್ವಾನ ಮ್ಯಾಲಿಂದ ಇಳದು ಬರೂದ್ರಾಗ ನಾ ಒಂದು ಕಪ್ ಚಾ ಕುಡದು ಮುಗಿಸಿದ್ದೆ. ಯಾಕ ನಗತಿ, ರಂಜನಾ? ಖರೇನ ಐತಿ. ಬೇಕಂದ್ರ ನೋಡಿದವರನ್ನ ಕೇಳು... ಎಲ್ಲಾರೂ ತೀರಿಕೊಂಡಾರ, ಅದು ನನ್ನ ತಪ್ಪೇನು?

ಅಂಥಾ ಮೈಯಾಗಿನ ರಕ್ತ ನಿನಗ ತಪಾಸಣಿಗೆ ಬೇಕು! ಧಾರವಾಡದ ಲ್ಯಾಬಿನಾಕಿ ಆದಿ ಅಂತ ಅಜ್ಜಗ ಸೂಜಿ ಚುಚ್ಚಾಕ ಬಂದೀಯೇನು? ಇಡು ಕೆಳಗ. ನಿಮ್ಮವ್ವ ಸುಂದರವ್ವಗ ಎದ್ಯಾಗ ಗಂಟಾತು, ಆಪರೇಶನ್ ಆತು. ನನ್ನ ಹೊಟ್ಟೀಲೆ ಹುಟ್ಟಿದ ಮಗಳು, ನನಗ ಸಂಕಟ ಇಲ್ಲೇನು? ಆದ್ರ ಅದು ವಂಶದಾಗಿಂದ ಬಂದೈತಿ ಅಂದ್ರ, ನಿಮ್ಮಜ್ಜಿ ಕಡಿಂದನ ಬಂದಿರಬೇಕು. ಉಗರಗೋಳದ ಮಂದಿ! ಗಾಳಿ ಬೀಸಿದ್ರ ಮಲಗತಾರ. ಹೆಣ್ಣಮಕ್ಕಳ ಬ್ಯಾನಿ ಹೆಣ್ಣಮಕ್ಕಳ ಕಡಿಂದ ಬರತೈತಿ. ಹೆಣ್ಣ ಕೊಡೂವಾಗ ಬಾಂಡೆ ಸಾಮಾನಿನ ಜೋಡಿ ಅದನ್ನೂ ಕಟ್ಟಿ ಕಳಿಸಿದ್ರು.

ಮತ್ತ ಅದ ನಿನ್ನ ಕೌದಿ ಹೋಲಿಕಿ ಕತಿ? ತಿಳೀತವಾ, ತಿಳೀತು... ಮೈಯಾಗ ಡಿಎನ್‌ಎ ಅಂಬೂ ನೂಲು, ಬಿಗದು ಸುತ್ತಿಟ್ಟದ್ದು. ಹರದ್ರ ಮೊದಲ ಒಬ್ಬ ಬಂದು ಸುತ್ತು ಸಡ್ಲ ಮಾಡತಾನ, ಆಮ್ಯಾಲ ರಿಪೇರಿಯಾಂವ ಕೈ ಹಾಕತಾನ. ಕೌದಿ ಒಳಗಿನ ತೂತು ಮುಚ್ಚಾಕ ಮ್ಯಾಲಿನ ಹೊಲಗಿ ಬಿಚ್ಚಿದಂಗ. ಗಂಟು ಬೆಳೀಲಾರದಂಗ ತಡಿಯಾಂವನೂ ಆ ರಿಪೇರಿಯಾಂವನ, ಹೌದಲ್ಲ? ಅಬಾಬಾ! ನನ್ನ ಮೈಯಾಗ ಇಷ್ಟು ಆಳು ದುಡ್ಯಾಕ ಹತ್ಯಾರ, ಒಬ್ಬನೂ ಇನ್ನೂತನಾ ಬೀಡಿ ಕೇಳಿಲ್ಲ!

ಹಾಂ? ನಿಮ್ಮವ್ವನ ಮೈಯಾಗಿನ ಆ ಕೆಲಸ ಕೆಟ್ಟ ರಿಪೇರಿಯಾಂವ ಅಕಿ ಅಪ್ಪನ ಕಡಿಂದನೂ, ಅಂದ್ರ ನನ್ನ ಕಡಿಂದನೂ ಬಂದಿರಬಹುದು? ಹಂಗಿದ್ರ ನಿಮ್ಮ ಮಾವ, ನನ್ನ ಮಗ ರಾಯಪ್ಪನ ಹುಡಿಗ್ಯಾರೂ ತೋರಿಸಿಕೋಬೇಕು? ಸುಳ್ಳ ಅಂಜಸಬ್ಯಾಡ! ಅವ್ರು ನನ್ನಂಗ ಗಟ್ಟಿ ಅದಾರ. ಗಂಡಸಿಗೆ ಆ ಬ್ಯಾನಿ ಬರೂದ ಇಲ್ಲ. ಬಂದ್ರೂ... ಕಡ್ಲಿಕಾಳಿನಷ್ಟು. ಬೋರಲ ಮಲಗಿದ್ರ ಒತ್ತತೈತಿ, ಅಷ್ಟ. ಅರಿಷಿಣ ಹಚ್ಚಿದ್ರ ಕರಗತೈತಿ... ಒಮ್ಮೊಮ್ಮಿ ಕರಗೂದಿಲ್ಲ.

ಯಾಕ ಹತ್ರ ಸರದು ಕುಂತಿ?

ನಗವಾ... ಈಗರ ನಗು.

ಅಯ್ಯ, ನಂದಲ್ಲ! ನಮ್ಮ ದೊಡವಾಡದಾಗ ಒಬ್ಬ ಮುದುಕ ಇದ್ದ, ಅವಂದು. ಹೆಸರು... ಹೆಸರು ಮರತೇನಿ. ನನ್ನ ಅಂಗಿ ಗುಂಡಿ ಯಾಕ ನೋಡಾಕ ಹತ್ತಿ?

...

ಹೂಂ. ಆತು ಬಿಡು. ನನ್ನಂಥಾ ಪೈಲ್ವಾನಗ ಹೆಂಗಸರ ಬ್ಯಾನಿ ಬಂದೈತಿ ಅಂತ ಚಾದಂಗಡ್ಯಾಗ ಹೆಂಗ ಹೇಳ್ಲಿ? ರಾಯಪ್ಪಗ ನೀನ ಹೇಳು, ಹುಡಿಗ್ಯಾರನ್ನ ಕರಕೊಂಡು ಬಾ ಅಂತ. ತಗೋ ತೋಳು.

...ಇದಕಿಂತಾ ಸಣ್ಣ ಸೂಜಿ ಇಲ್ಲೇನವಾ?